ಸಹಕಾರ ಪಿತಾಮಹ ಸಿದ್ದನಗೌಡರು

ಇಂದು ದಾವಣಗೆರೆ ನಗರದಲ್ಲಿ ಬೆರೆತುಹೋಗಿರುವ ಆನೆಕೊಂಡವು ಹಿಂದೆ ಮೈಸೂರು ಸಂಸ್ಥಾನದ ಒಂದು ಹಳ್ಳಿಯಾಗಿದ್ದಿತು. ಅಲ್ಲಿಂದ ಹರಿಹರಕ್ಕೆ ಹೋಗಿ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಒಂದೇ ನುಡಿಯನ್ನಾಡುವ ಜನರನ್ನು ಹೊಳೆಯು ಎರಡು ಆಡಳಿತಗಳಿಗೆ ಹಂಚಿಕೊಟ್ಟಿದ್ದಿತು. ಆದರೆ ಎರಡೂ ದಡಗಳ ರೈತರಿಗೆ ಸಾಲದ ಸಂಕಟ ಮಾತ್ರ ಒಂದೇ. ಆ ಸಂಕಟದಿಂದ ಪಾರಾಗುವ ದಾರಿಯನ್ನು ಕನ್ನಡನಾಡಿನಲ್ಲಿ ಮೊದಲು ತೋರಿಸಿಕೊಟ್ಟವರು ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು.

ಸಿದ್ದನಗೌಡರು ಜನಿಸಿದುದು 1843ರಲ್ಲಿ. ಅವರ ಊರಾದ ಕಣಗಿನಹಾಳವು ಗದಗಿಗೆ ಸಮೀಪದ ಒಂದು ಚಿಕ್ಕ ಗ್ರಾಮ. ಅಂದು ಅದು ಧಾರವಾಡ ಜಿಲ್ಲೆಗೆ ಸೇರಿದ್ದಿತು. 1997ರಿಂದ ಗದಗ ಜಿಲ್ಲೆಯಲ್ಲಿದೆ. ಆ ಸೀಮೆಯದು ಎರೆಯ ಭೂಮಿ. ಜೋಳ ಹತ್ತಿಗಳು ಅಲ್ಲಿನ ಮುಖ್ಯ ಬೆಳೆಗಳು. ಮಳೆ ಬಂದರೆ ಬೆಳೆ, ಬಾರದಿದ್ದರೆ ಬರ. ಪಾಟೀಲರೆಂದರೆ ಊರಿನ ಗೌಡಕಿಯ ಮನೆತನದವರು. ರೈತರ ಕಷ್ಟಸುಖಗಳು ಮೊದಲು ಬಂದು ಮುಟ್ಟುತ್ತಿದ್ದುದು ಇಂಥವರ ಮನೆಯ ಕಟ್ಟೆಯನ್ನೇ.

ಆ ಕಾಲದಲ್ಲಿ ಬಿತ್ತನೆಯ ಬೀಜಕ್ಕೆ, ಎತ್ತಿಗೆ, ಕಂದಾಯಕ್ಕೆ, ಮಗಳ ಮದುವೆಗೆ ರೈತನು ಸಾಹುಕಾರನ ಬಾಗಿಲಿಗೇ ಹೋಗಬೇಕಾಗಿದ್ದಿತು. ಬಡ್ಡಿಗೆ ಬಡ್ಡಿ ಸೇರಿ ಸಾಲವು ಬೆಳೆಯುತ್ತಿದ್ದಿತು. ಓದು ಬರಹ ತಿಳಿಯದ ರೈತನು ಸಾಲಪತ್ರಕ್ಕೆ ಹೆಬ್ಬೆಟ್ಟೊತ್ತುತ್ತಿದ್ದನು. ಬೆಳೆಯು ಹೊಲದಲ್ಲಿರುವಾಗಲೇ ಸಾಹುಕಾರನದಾಗುತ್ತಿದ್ದಿತು. ಕಡೆಗೆ ಹೊಲವೂ ಕೈಬಿಡುತ್ತಿದ್ದಿತು. 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದು, ಸಾಹುಕಾರರ ಬಳಿಯಿದ್ದ ಸಾಲಪತ್ರಗಳನ್ನು ಕಿತ್ತುಕೊಂಡು ಸುಟ್ಟುಹಾಕಿದರು. ಮರುವರ್ಷವೇ ಧಾತು ಸಂವತ್ಸರದ ಘೋರ ಕ್ಷಾಮವು ಬಂದೆರಗಿತು. ಸಿದ್ದನಗೌಡರಿಗೆ ಆಗ ಮೂವತ್ತಮೂರರ ಪ್ರಾಯ. ಸರ್ಕಾರವು 1879ರಲ್ಲಿ ದಖನ್ನಿನ ಕೆಲವು ಜಿಲ್ಲೆಗಳ ರೈತರ ರಕ್ಷಣೆಗೆಂದು ಕಾಯಿದೆಯನ್ನೇನೋ ಮಾಡಿತು. ಆದರೆ ಕಾಯಿದೆಯು ಸಾಹುಕಾರನ ಕೈಯನ್ನು ತಡೆಯಬಲ್ಲುದಲ್ಲದೆ ಬಿತ್ತನೆಯ ಹೊತ್ತಿಗೆ ಬೀಜವನ್ನು ಕೊಡಬಲ್ಲುದೇ? ರೈತನಿಗೆ ಬೇಕಾಗಿದ್ದುದು ಸಾಲವಿಲ್ಲದ ಬಾಳಲ್ಲ, ಕೊರಳಿಗೆ ಉರುಳಾಗದ ಸಾಲ.

ಇದೇ ಸಮಸ್ಯೆಯು ಜರ್ಮನಿಯ ಹಳ್ಳಿಗಳನ್ನೂ ಕಾಡಿದ್ದಿತು. ಅಲ್ಲಿ ರೈಫಿಸನ್ ಎಂಬ ಮಹನೀಯನು ರೈತರನ್ನೇ ಒಂದುಗೂಡಿಸಿ, ಒಬ್ಬರಿಗೊಬ್ಬರು ಹೊಣೆಯಾಗುವ ಪತ್ತಿನ ಸಂಘಗಳನ್ನು ಕಟ್ಟಿದನು. ಆ ಮಾರ್ಗವೇ ನಮ್ಮ ದೇಶಕ್ಕೂ ತಕ್ಕುದೆಂದು ಮದರಾಸು ಪ್ರಾಂತದ ಅಧಿಕಾರಿ ನಿಕೋಲ್ಸನ್ ಸರ್ಕಾರಕ್ಕೆ ವರದಿ ಮಾಡಿದನು. ಇದರ ಫಲವಾಗಿ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಹತ್ತು ಜನ ಒಟ್ಟುಗೂಡಿದರೆ ಸಂಘವನ್ನು ನೋಂದಾಯಿಸಬಹುದಾಗಿದ್ದಿತು.

ಕಾಯಿದೆಯಾದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡರ ನೇತೃತ್ವದಲ್ಲಿ ಕಣಗಿನಹಾಳದ ವ್ಯವಸಾಯ ಪತ್ತಿನ ಸಹಕಾರ ಸಂಘವು ಸ್ಥಾಪಿತವಾಯಿತು. ಮುಂಬಯಿ ಪ್ರಾಂತದ ಗ್ರಾಮೀಣ ಪತ್ತಿನ ಸಂಘಗಳಲ್ಲಿ ಅದೇ ಮೊದಲನೆಯದು. ಆಗ ಗೌಡರ ವಯಸ್ಸು ಅರವತ್ತೆರಡು. ಇತರರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಅವರು ಹೊಸ ಹೊಣೆಯನ್ನು ಹೊತ್ತರು.

ಆ ಹೊಣೆಯೇನು ಸಾಮಾನ್ಯವಾದುದಲ್ಲ. ಗ್ರಾಮಸಂಘದ ಸದಸ್ಯರ ಹೊಣೆಗೆ ಮಿತಿಯಿಲ್ಲವೆಂಬುದು ಆ ಕಾಯಿದೆಯ ಸಾಮಾನ್ಯ ನಿಯಮವಾಗಿದ್ದಿತು. ಸಾಲ ಪಡೆದವರು ತೀರಿಸಲಾರದೆ ಸಂಘವು ಮುಳುಗಿದರೆ, ಅದರ ಋಣಕ್ಕೆ ಪ್ರತಿಯೊಬ್ಬ ಸದಸ್ಯನ ಹೊಲಮನೆಗಳೂ ಗುರಿಯಾಗುತ್ತಿದ್ದವು. ಏನೂ ಇಲ್ಲದವನಿಗೆ ಕಳೆದುಕೊಳ್ಳುವುದು ಅಲ್ಪ. ಉಳ್ಳವನಿಗೇ ಅಪಾಯ ಹೆಚ್ಚು. ಉಳ್ಳವರು ಹಿಂದೆ ಸರಿದರೆ ಸಂಘಕ್ಕೆ ಬಲವಿಲ್ಲ. ಬಡವರನ್ನು ಹೊರಗಿಟ್ಟರೆ ಸಂಘಕ್ಕೆ ಅರ್ಥವಿಲ್ಲ. ಊರಿನ ಗೌಡರೇ ಮುಂದಾಗಿ ನಿಂತುದರ ಮಹತ್ವವು ಇಲ್ಲಿದೆ.

ಇಂಥ ಸಂಘಗಳು ಸದಸ್ಯರಿಗೆ ಮಾತ್ರ ಸಾಲ ಕೊಡುತ್ತಿದ್ದವು. ಯಾರು ದುಡಿಮೆಗಾರ, ಯಾರು ದುಂದುಗಾರ, ಯಾರ ಎತ್ತು ಸತ್ತಿತು, ಯಾರ ಮನೆಯಲ್ಲಿ ಕಾಯಿಲೆ ಎಂಬುದೆಲ್ಲ ಒಂದೇ ಊರಿನವರಿಗೆ ತಿಳಿಯದ ವಿಷಯವಲ್ಲ. ದೂರದ ಬ್ಯಾಂಕಿಗೆ ದೊರೆಯದ ಈ ತಿಳಿವಳಿಕೆಯೇ ಸಂಘದ ಬಂಡವಾಳವಾಗಿದ್ದಿತು. ಲಾಭವನ್ನು ಹಂಚಿಕೊಳ್ಳದೆ ಮೀಸಲು ನಿಧಿಗೆ ಸೇರಿಸುತ್ತಿದ್ದುದರಿಂದ ಕಷ್ಟಕಾಲಕ್ಕೆ ಆಸರೆಯೂ ಉಂಟಾಗುತ್ತಿದ್ದಿತು.

ಹೊಳೆಯ ಈಚೆಯ ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1905ರಲ್ಲಿಯೇ ಅಲ್ಲಿಯೂ ಸಹಕಾರ ಸಂಘಗಳ ಕಾನೂನು ಬಂದಿತು. 1912ರ ಹೊಸ ಕಾಯಿದೆಯು ಸಾಲವಲ್ಲದೆ ಇತರ ಉದ್ದೇಶಗಳ ಸಂಘಗಳಿಗೂ ಅವಕಾಶವನ್ನಿತ್ತಿತು. ಮುಂದೆ ಹುಬ್ಬಳ್ಳಿ ಗದಗುಗಳಲ್ಲಿ ರೈತರೇ ತಮ್ಮ ಹತ್ತಿಯನ್ನು ಕೂಡಿ ಮಾರುವ ಸಂಘಗಳು ಹುಟ್ಟಿದವು. ಈ ಬೆಳವಣಿಗೆಯನ್ನು ಕಣ್ಣಾರೆ ಕಾಣುವಷ್ಟು ದೀರ್ಘಾಯುಷ್ಯವು ಸಿದ್ದನಗೌಡರಿಗೆ ಲಭಿಸಿತು. 1933ರಲ್ಲಿ, ತೊಂಬತ್ತರ ಇಳಿವಯಸ್ಸಿನಲ್ಲಿ, ಅವರು ಕಾಲವಶರಾದರು. ಕನ್ನಡಿಗರು ಅವರನ್ನು ಸಹಕಾರ ಪಿತಾಮಹರೆಂದು ಗೌರವಿಸುತ್ತಾರೆ.

ಎಲ್ಲ ಸಂಘಗಳೂ ಏಳಿಗೆ ಹೊಂದಿದವೆಂದು ಭಾವಿಸಬಾರದು. ಪಕ್ಷಪಾತ, ಸಾಲ ತೀರಿಸದ ಉದಾಸೀನ, ಲೆಕ್ಕದ ಲೋಪಗಳು ಎಷ್ಟೋ ಸಂಘಗಳನ್ನು ನುಂಗಿಹಾಕಿವೆ. ಆದರೂ ಆ ಬೀಜವು ಸಾಯಲಿಲ್ಲ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಪ್ರಾಧ್ಯಾಪಕ ಮುಹಮ್ಮದ್ ಯೂನುಸರು ನಲವತ್ತೆರಡು ಬಡವರಿಗೆ ಕಿರುಸಾಲವನ್ನು ಕೊಟ್ಟು ಆರಂಭಿಸಿದ ಕಾರ್ಯವು ಗ್ರಾಮೀಣ ಬ್ಯಾಂಕಾಗಿ ಬೆಳೆದು, 2006ರಲ್ಲಿ ನೊಬೆಲ್ ಶಾಂತಿ ಪುರಸ್ಕಾರಕ್ಕೆ ಪಾತ್ರವಾಯಿತು. ನಮ್ಮ ನಾಡಿನಲ್ಲಿಯೂ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯು 1992ರಲ್ಲಿ ಮೊದಲಾಯಿತು. ಹಣದ ಪ್ರಮಾಣ ಬೇರೆ, ವ್ಯವಸ್ಥೆ ಬೇರೆ. ನೆರೆಯವರ ಮಾತನ್ನೇ ಅಡಮಾನವೆಂದು ನಂಬುವ ತತ್ತ್ವ ಮಾತ್ರ ಅದೇ.

ವಾರಕ್ಕೊಮ್ಮೆ ಕೂಡಿ ಉಳಿತಾಯದ ಲೆಕ್ಕ ಬರೆಯುವ ಹೆಣ್ಣುಮಕ್ಕಳನ್ನು ನಾವು ಇಂದು ಊರೂರಿನಲ್ಲಿ ಕಾಣಬಹುದು. ಅವರಲ್ಲಿ ಒಬ್ಬಳು ಕಂತು ಕಟ್ಟಲಾರದ ದಿನ ಉಳಿದವರು ಕೈಗೂಡಿಸಿದರೆ ಸಂಘವು ಉಳಿಯುತ್ತದೆ. ಮುಖ ತಿರುಗಿಸಿದರೆ ಅಳಿಯುತ್ತದೆ. ಪರರ ಸಾಲಕ್ಕೆ ತನ್ನ ಹೊಲವನ್ನು ಹೊಣೆಯಾಗಿಡುವ ಧೈರ್ಯವು ಸಿದ್ದನಗೌಡರಿಗಿದ್ದಿತು. ಸಹಕಾರವು ನಿಂತಿರುವುದು ಆ ಧೈರ್ಯದ ಮೇಲೆ.