ಯುದ್ಧಕಾಲದ ಶಾಂತಿದೂತ ಪೋಪ್ 15ನೇ ಬೆನೆಡಿಕ್ಟ್

ಕಾರ್ಡಿನಲ್ ಜಾಕೊಮೊ ದೆಲ್ಲಾ ಕಿಯೇಸಾರವರು 1914ರ ಸೆಪ್ಟೆಂಬರ್ 3ರಂದು ಪೋಪ್ ಆಗಿ ಆಯ್ಕೆಯಾದಾಗ ಯುರೋಪಿನಲ್ಲಿ ಯುದ್ಧ ಆರಂಭವಾಗಿ ಒಂದು ತಿಂಗಳು ಕಳೆದಿತ್ತು. ಪರಸ್ಪರ ಹೋರಾಡುತ್ತಿದ್ದ ದೇಶಗಳ ಕಾರ್ಡಿನಲರು ಒಂದೇ ಸಭೆಯಲ್ಲಿ ಕುಳಿತು ಅವರನ್ನು ಆರಿಸಿದ್ದರು. ಅವರು 15ನೇ ಬೆನೆಡಿಕ್ಟ್ ಎಂಬ ಹೆಸರನ್ನು ಸ್ವೀಕರಿಸಿದರು.

1854ರಲ್ಲಿ ಇಟಲಿಯ ಜಿನೋವಾದಲ್ಲಿ ಜನಿಸಿದ ಅವರು ತಂದೆಯ ಇಚ್ಛೆಯಂತೆ ಕಾನೂನು ಓದಿ, 1878ರಲ್ಲಿ ಗುರುದೀಕ್ಷೆ ಪಡೆದರು. ಮ್ಯಾಡ್ರಿಡ್‌ನಲ್ಲಿ ಪೋಪರ ರಾಯಭಾರಿಯ ಕಾರ್ಯದರ್ಶಿಯಾಗಿ, 1907ರಿಂದ ಬೊಲೋನ್ಯಾದ ಮಹಾಧರ್ಮಾಧ್ಯಕ್ಷರಾಗಿ ಸೇವೆ ಸಲ್ಲಿಸಿದರು. ರಾಜತಂತ್ರದ ಈ ಅನುಭವ ಮುಂದೆ ಕಠಿಣ ಪರೀಕ್ಷೆಗೆ ಒಳಗಾಯಿತು.

ಯುದ್ಧ ಹಬ್ಬಿದ ಬಗೆಯನ್ನು ನಾವು ಸ್ವಲ್ಪ ಗಮನಿಸೋಣ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ದಂಪತಿಯ ಕೊಲೆಯಾಯಿತು. ಜುಲೈ 28ರಂದು ಆಸ್ಟ್ರಿಯಾ-ಹಂಗೆರಿ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಸರ್ಬಿಯಾದ ಪರವಾಗಿ ರಷ್ಯಾ ಸೇನೆಯನ್ನು ಸಜ್ಜುಗೊಳಿಸಿತು. ಆಸ್ಟ್ರಿಯಾದ ಮಿತ್ರ ಜರ್ಮನಿ, ರಷ್ಯಾದ ಮೇಲೂ ರಷ್ಯಾದ ಮಿತ್ರ ಫ್ರಾನ್ಸ್‌ನ ಮೇಲೂ ಯುದ್ಧ ಘೋಷಿಸಿತು. ಆಗಸ್ಟ್ 4ರಂದು ಜರ್ಮನ್ ಸೇನೆ ತಟಸ್ಥ ಬೆಲ್ಜಿಯಂಗೆ ನುಗ್ಗಿದಾಗ, ಅದರ ರಕ್ಷಣೆಗೆ 1839ರಲ್ಲೇ ಮಾತು ಕೊಟ್ಟಿದ್ದ ಬ್ರಿಟನ್ ಕೂಡ ಇಳಿಯಿತು. ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಭಾರತವೂ ಯುದ್ಧದೊಳಗೆ ಸಿಲುಕಿತು. ನಮ್ಮ ಮಂಗಳೂರಿನಲ್ಲಿ ಸೇವೆಯಲ್ಲಿದ್ದ ಬಾಸೆಲ್ ಮಿಶನ್ನಿನ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು. ಕಾಪಾಡುವ ಸಲುವಾಗಿ ಮಾಡಿಕೊಂಡ ಒಪ್ಪಂದಗಳೇ ದೇಶಗಳನ್ನು ಒಂದರ ಹಿಂದೆ ಒಂದರಂತೆ ಯುದ್ಧಕ್ಕೆ ಎಳೆದವು.

ಪೋಪ್ ಬೆನೆಡಿಕ್ಟರು ಯಾವ ಕೂಟವನ್ನೂ ಸೇರಲಿಲ್ಲ. ಎರಡೂ ಕಡೆ ತಮ್ಮ ಮಕ್ಕಳೇ ಸಾಯುತ್ತಿದ್ದಾರೆಂಬ ಅರಿವು ಅವರಿಗಿತ್ತು. ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಫ್ರಾನ್ಸ್‌ನವರು ಅವರನ್ನು ಜರ್ಮನಿಯ ಪಕ್ಷದವರೆಂದೂ ಜರ್ಮನರು ಫ್ರಾನ್ಸ್‌ನ ಪಕ್ಷದವರೆಂದೂ ಶಂಕಿಸಿದರು. 1914ರ ಕ್ರಿಸ್ಮಸ್‌ಗಾದರೂ ಕದನ ನಿಲ್ಲಿಸಿರೆಂಬ ಅವರ ಮನವಿಯನ್ನು ಸರಕಾರಗಳು ಒಪ್ಪಲಿಲ್ಲ. ಆದರೂ ಪಶ್ಚಿಮ ರಣರಂಗದ ಕೆಲವೆಡೆ ಸೈನಿಕರೇ ಬಂದೂಕು ಕೆಳಗಿಟ್ಟು ಹಬ್ಬ ಆಚರಿಸಿದರು. 1915ರಲ್ಲಿ ಇಟಲಿ ಲಂಡನ್ನಿನಲ್ಲಿ ರಹಸ್ಯ ಒಪ್ಪಂದ ಮಾಡಿಕೊಂಡು ಯುದ್ಧಕ್ಕಿಳಿಯಿತು. ಶಾಂತಿ ಮಾತುಕತೆಯಿಂದ ಪೋಪರನ್ನು ದೂರವಿಡುವ ಷರತ್ತೂ ಆ ಒಪ್ಪಂದದಲ್ಲಿತ್ತು.

1917ರ ಆಗಸ್ಟ್ 1ರಂದು ಅವರು ಯುದ್ಧನಿರತ ದೇಶಗಳ ಮುಂದೆ ಶಾಂತಿಯ ದಾರಿಯೊಂದನ್ನು ಇಟ್ಟರು. ಆಯುಧಗಳನ್ನು ಕಡಿಮೆ ಮಾಡುವುದು, ವಿವಾದಗಳನ್ನು ಪಂಚಾಯಿತಿಕೆಯಿಂದ ಬಗೆಹರಿಸುವುದು, ಆಕ್ರಮಿಸಿದ ನೆಲ ಬಿಟ್ಟುಕೊಡುವುದು, ಪರಸ್ಪರ ನಷ್ಟಪರಿಹಾರ ಕೇಳದಿರುವುದು ಅದರ ಮುಖ್ಯ ಅಂಶಗಳು. ಅದು ಫಲಿಸಲಿಲ್ಲ. ಯುದ್ಧ ಇನ್ನೂ ಹದಿನೈದು ತಿಂಗಳು ನಡೆಯಿತು. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಅವರ ಪ್ರತಿನಿಧಿಗೆ ಸ್ಥಾನ ಸಿಗಲಿಲ್ಲ.

ಮಾತು ಕೇಳುವವರಿಲ್ಲದಾಗಲೂ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಕಾಣೆಯಾದ ಸೈನಿಕರನ್ನು ಹುಡುಕಿ ಮನೆಯವರಿಗೆ ಸುದ್ದಿ ಮುಟ್ಟಿಸಲು ವ್ಯಾಟಿಕನ್‌ನಲ್ಲಿ ಕಚೇರಿ ತೆರೆದರು. ಕಾಯಿಲೆಬಿದ್ದ ಕೈದಿಗಳನ್ನು ತಟಸ್ಥ ಸ್ವಿಟ್ಜರ್ಲೆಂಡ್‌ಗೆ ಕಳುಹಿಸಲು ಶ್ರಮಿಸಿದರು. ಯುದ್ಧಾನಂತರ ಮಧ್ಯ ಯುರೋಪಿನ ಹಸಿದ ಮಕ್ಕಳಿಗಾಗಿ 1919ರ ಡಿಸೆಂಬರ್ 28ರಂದು ಕಾಣಿಕೆ ಸಂಗ್ರಹಿಸುವಂತೆ ಧರ್ಮಸಭೆಗೆ ಕರೆಕೊಟ್ಟರು. ಕ್ಯಾಥೊಲಿಕರೇ ಅಲ್ಪಸಂಖ್ಯಾತರಾಗಿದ್ದ ಇಸ್ತಾಂಬುಲ್‌ನಲ್ಲಿ ಅವರು ಬದುಕಿರುವಾಗಲೇ ಅವರ ಪ್ರತಿಮೆ ನಿಂತಿತು. 1922ರ ಜನವರಿ 22ರಂದು ನ್ಯುಮೋನಿಯಾದಿಂದ ಅವರು ನಿಧನರಾದರು. 2005ರಲ್ಲಿ ಕಾರ್ಡಿನಲ್ ರಾಟ್ಸಿಂಗರ್‌ರವರು ಬೆನೆಡಿಕ್ಟ್ ಹೆಸರನ್ನು ಆರಿಸಿಕೊಂಡಾಗ ಇವರನ್ನೂ ಸ್ಮರಿಸಿದರು.

ನಮಗೆ ತಿಳಿಯದೆಯೇ ನಾವು ಇವರನ್ನು ನೆನೆಯುತ್ತಿದ್ದೇವೆ. ನವೆಂಬರ್ 2ರ ಮೃತರ ದಿನ ಪ್ರತಿಯೊಬ್ಬ ಗುರುಗಳು ಮೂರು ಬಲಿಪೂಜೆ ಅರ್ಪಿಸಲು 1915ರಲ್ಲಿ ಅನುಮತಿ ಕೊಟ್ಟವರು ಇವರೇ. ಯುದ್ಧದಲ್ಲಿ ಮಡಿದ ಅಸಂಖ್ಯಾತರು ಅದಕ್ಕೊಂದು ಕಾರಣ. ಜಪಸರದ ನಂತರ ಮಾತೆ ಮರಿಯಮ್ಮನವರ ಬಿರುದುಗಳನ್ನು ಹೇಳುವಾಗ ಶಾಂತಿಯ ರಾಣಿ ಎಂದು ಕರೆಯುತ್ತೇವಲ್ಲ, ಅದನ್ನು 1917ರಲ್ಲಿ ಸೇರಿಸಿದವರೂ ಇವರೇ. ಮನೆಯಲ್ಲಾಗಲಿ ವಾರ್ಡಿನಲ್ಲಾಗಲಿ ಜಗಳ ಬಂದಾಗ ಪಕ್ಷ ಕಟ್ಟುವುದು ಸುಲಭ. ಎರಡೂ ಕಡೆಯವರ ಅಸಮಾಧಾನ ಹೊತ್ತು ನಡುವೆ ನಿಂತು ಸೇವೆ ಮಾಡುವುದು ಕಷ್ಟ. ಮುಂದಿನ ಸಲ ಶಾಂತಿಯ ರಾಣಿಯನ್ನು ಕರೆಯುವಾಗ ಆ ಕಷ್ಟಕ್ಕೆ ಬೇಕಾದ ಬಲವನ್ನೂ ಬೇಡೋಣ.