ಜಾನ್ ಡಾಲ್ಟನ್ನರ ಮಳೆಯ ದಿನಚರಿ

ಪರಮಾಣುವಾದದ ಪ್ರವರ್ತಕರೆಂದು ಜಾನ್ ಡಾಲ್ಟನ್ನರ ಹೆಸರು ಪ್ರೌಢಶಾಲೆಯ ಮೆಟ್ಟಿಲನ್ನು ಹತ್ತಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಪರಿಚಿತವಾದುದು. ಆ ಮಹನೀಯರು ಪರಮಾಣುವಿನ ವಿಚಾರಕ್ಕೆ ಬಂದದ್ದು ಮಳೆ, ಇಬ್ಬನಿ, ಮಂಜುಗಳ ಹಾದಿಯಿಂದ ಎಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಗಾಳಿಯಲ್ಲಿ ನೀರು ಯಾವ ರೂಪದಿಂದ ಅಡಗಿರುತ್ತದೆ, ಅದು ಏಕೆ ಮತ್ತು ಯಾವಾಗ ಹೊರಬಂದು ಹನಿಯಾಗುತ್ತದೆ ಎಂಬುದೇ ಅವರನ್ನು ತಾರುಣ್ಯದಿಂದ ಮರಣದವರೆಗೆ ಬಿಡದೆ ಹಿಡಿದಿದ್ದ ಜಿಜ್ಞಾಸೆ.

ಇಂಗ್ಲೆಂಡಿನ ವಾಯವ್ಯ ಭಾಗದ ಕಂಬರ್‌ಲೆಂಡ್ ಪ್ರಾಂತದಲ್ಲಿ ಈಗಲ್ಸ್‌ಫೀಲ್ಡ್ ಎಂಬುದೊಂದು ಸಣ್ಣ ಗ್ರಾಮ. 1766ರಲ್ಲಿ ಡಾಲ್ಟನ್ನರು ಅಲ್ಲಿ ಜನಿಸಿದರು. ತಂದೆ ಜೋಸೆಫ್ ಡಾಲ್ಟನ್ ಮಗ್ಗವನ್ನು ನಂಬಿ ಬದುಕಿದ ನೇಕಾರ. ಮನೆತನವು ಕ್ವೇಕರ್ ಪಂಥಕ್ಕೆ ಸೇರಿದ್ದು. ಆಡಂಬರವಿಲ್ಲದ ಉಡುಗೆ, ಮಿತವಾದ ಮಾತು, ದುಡಿಮೆಯಲ್ಲಿ ಶ್ರದ್ಧೆ ಇವು ಆ ಪಂಥದ ಆಚಾರಗಳು. ಕಾಯಕದ ಮಹಿಮೆಯನ್ನು ಬಲ್ಲ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜಧರ್ಮದ ಚರ್ಚಿಗೆ ಒಳಪಡದವರೆಂಬ ಕಾರಣದಿಂದ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಪದವಿಯು ಆ ಕಾಲದ ಕ್ವೇಕರರಿಗೆ ನಿಷಿದ್ಧವಾಗಿತ್ತು. ಹೀಗಾಗಿ ಡಾಲ್ಟನ್ನರು ಓದಿದ್ದು ಗ್ರಾಮದ ಶಾಲೆಯಲ್ಲಿ. ಹನ್ನೆರಡನೆಯ ವಯಸ್ಸಿಗೆ ತಾವೇ ಉಪಾಧ್ಯಾಯರೂ ಆದರು. ಶಿಷ್ಯರಲ್ಲಿ ಕೆಲವರು ಗುರುವಿಗಿಂತ ಹಿರಿಯ ಪ್ರಾಯದವರು!

1781ರಲ್ಲಿ ಅವರು ಕೆಂಡಲ್ ಪಟ್ಟಣದ ಕ್ವೇಕರ್ ಶಾಲೆಗೆ ಬೋಧಕರಾಗಿ ಹೋದರು. ಅಲ್ಲಿ ದೊರೆತವರು ಜಾನ್ ಗೋಫ್. ಬಾಲ್ಯದಲ್ಲಿಯೇ ಸಿಡುಬಿನಿಂದ ಕಣ್ಣು ಕಳೆದುಕೊಂಡಿದ್ದರೂ ಗಣಿತದಲ್ಲಿಯೂ ಭಾಷೆಗಳಲ್ಲಿಯೂ ನಿಸರ್ಗಶಾಸ್ತ್ರದಲ್ಲಿಯೂ ಪಾರಂಗತರಾಗಿದ್ದ ಈ ವಿದ್ವಾಂಸರು ತರುಣ ಡಾಲ್ಟನ್ನರಿಗೆ ಲ್ಯಾಟಿನ್, ಗ್ರೀಕ್, ಗಣಿತಗಳನ್ನು ಕಲಿಸಿದರು. ಹವೆಯ ದಿನಚರಿಯೊಂದನ್ನು ಇಡುವಂತೆ ಪ್ರೇರೇಪಿಸಿದರು. ಕಣ್ಣಿಲ್ಲದ ಗುರು ಆಕಾಶವನ್ನು ನೋಡುವ ವಿದ್ಯೆಯನ್ನು ಶಿಷ್ಯನಿಗೆ ಹಿಡಿಸಿದ್ದು ಹೀಗೆ. 1787ರ ಮಾರ್ಚ್ 24ರಂದು ಮೊದಲ ಬರೆಹ ಬಿದ್ದಿತು. ವಾಯುಭಾರ, ಉಷ್ಣತೆ, ಗಾಳಿಯ ದಿಕ್ಕು, ಮಳೆಯ ಪ್ರಮಾಣ ಇವನ್ನು ಗುರುತಿಸಲು ಬೇಕಾದ ಭಾರಮಾಪಕ, ಉಷ್ಣಮಾಪಕಗಳನ್ನು ಡಾಲ್ಟನ್ನರು ತಮ್ಮ ಕೈಯಿಂದಲೇ ತಯಾರಿಸಿಕೊಂಡರು. ಅವರ ಮೊದಲ ಗ್ರಂಥ 1793ರಲ್ಲಿ ಪ್ರಕಟವಾಯಿತು. ಅದರ ವಿಷಯವೂ ಹವೆಯೇ. ಅದೇ ವರ್ಷ ಮ್ಯಾಂಚೆಸ್ಟರಿನ ನ್ಯೂ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಬೋಧಕರಾದರು.

ಆ ಕಾಲದ ಪಂಡಿತರ ಮತವೇನೆಂದರೆ, ನೀರಿನಲ್ಲಿ ಉಪ್ಪು ಕರಗುವಂತೆ ಗಾಳಿಯಲ್ಲಿ ನೀರು ಕರಗಿರುತ್ತದೆ. ಗಾಳಿಯೇ ನೀರನ್ನು ಸೆಳೆದು ಹಿಡಿದುಕೊಳ್ಳುತ್ತದೆ. ಡಾಲ್ಟನ್ನರು ಇದನ್ನು ಒಪ್ಪಲಿಲ್ಲ. ಪಾದರಸ ತುಂಬಿದ ಭಾರಮಾಪಕದ ನಳಿಗೆಯಲ್ಲಿ, ಪಾದರಸದ ಮೇಲಿನ ಶೂನ್ಯಸ್ಥಾನಕ್ಕೆ ತುಸು ನೀರನ್ನು ಸೇರಿಸಿ, ನಳಿಗೆಯನ್ನು ಹಂತಹಂತವಾಗಿ ಕಾಯಿಸುತ್ತ ಬಂದರು. ಆವಿಯು ಪಾದರಸವನ್ನು ಎಷ್ಟು ಕೆಳಕ್ಕೆ ಒತ್ತಿತೋ ಅಷ್ಟೇ ಅದರ ಬಲ. ಫ್ಯಾರನ್‌ಹೀಟ್ ಮಾನದ 32 ಡಿಗ್ರಿಯಲ್ಲಿ ಅದು ಸುಮಾರು 0.2 ಅಂಗುಲ, ನೀರು ಕುದಿಯುವ 212 ಡಿಗ್ರಿಯಲ್ಲಿ 30 ಅಂಗುಲ. ಅಲ್ಲಿ ಗಾಳಿಯಿರಲಿ, ಬರಿಯ ಶೂನ್ಯವಿರಲಿ, ಒಂದು ಸ್ಥಳದಲ್ಲಿ ನಿಲ್ಲಬಲ್ಲ ಆವಿಯ ಪ್ರಮಾಣವು ಉಷ್ಣತೆಯೊಂದನ್ನೇ ಅವಲಂಬಿಸಿದೆ ಎಂದು ಅವರು ಕಂಡುಕೊಂಡರು. ಆವಿಯು ಗಾಳಿಯ ನೆರೆಯಲ್ಲಿ ವಾಸಿಸುವ ಸ್ವತಂತ್ರ ಅನಿಲವೆಂದೂ, ಮಿಶ್ರಣದಲ್ಲಿ ಪ್ರತಿಯೊಂದು ಅನಿಲವೂ ತನ್ನ ಒತ್ತಡವನ್ನು ತಾನೇ ಹೊರುತ್ತದೆಯೆಂದೂ 1801ರಲ್ಲಿ ಸಾರಿದರು. ಇದನ್ನು ವಿರೋಧಿಸಿ ಲೇಖನಿ ಹಿಡಿದವರಲ್ಲಿ ಗುರು ಗೋಫರೂ ಒಬ್ಬರು. ಶಿಷ್ಯರು ಉತ್ತರವನ್ನು ಬರೆದರು, ಮತವನ್ನು ಬಿಡಲಿಲ್ಲ. ಬೇರೆ ಬೇರೆ ತೂಕದ ಅನಿಲಗಳು ಪದರಪದರವಾಗಿ ಬೇರ್ಪಡದೆ ಹೇಗೆ ಬೆರೆತಿರುತ್ತವೆ ಎಂಬ ಈ ವಿಚಾರಮಂಥನದಿಂದಲೇ 1803ರ ಹೊತ್ತಿಗೆ ಪರಮಾಣುಗಳ ತೂಕದ ಕಲ್ಪನೆ ಉದಿಸಿತು.

ಗಾಳಿಯ ಆರ್ದ್ರತೆಯನ್ನು ಅಳೆಯಲು ಅವರು ಅನುಸರಿಸಿದ ಕ್ರಮವನ್ನು ಯಾವ ಶಾಲೆಯಲ್ಲಾದರೂ ಮಾಡಿ ತೋರಿಸಬಹುದು. ಫ್ರಾನ್ಸಿನ ಲೆ ರೋಯ್ ಎಂಬುವರು ಮೊದಲೇ ಹಾಕಿದ್ದ ದಾರಿಯದು. ಗಾಜಿನ ಪಾತ್ರೆಯೊಂದಕ್ಕೆ ತಣ್ಣನೆಯ ಊಟೆಯ ನೀರನ್ನು ಸುರಿಯಬೇಕು. ಹೊರಮೈಯಲ್ಲಿ ಇಬ್ಬನಿ ಕೂಡಿದರೆ ನೀರನ್ನು ಹೊರಚೆಲ್ಲಿ, ಪಾತ್ರೆಯನ್ನು ಒರಸಿ, ತುಸು ಬೆಚ್ಚಗಾದ ಅದೇ ನೀರನ್ನು ಮತ್ತೆ ಸುರಿಯಬೇಕು. ಹೀಗೆ ಮಾಡುತ್ತ ಹೋದಾಗ ಇಬ್ಬನಿ ಕೂಡುವುದು ಯಾವ ಉಷ್ಣತೆಯಲ್ಲಿ ನಿಲ್ಲುತ್ತದೆಯೋ ಅದೇ ಆ ಗಾಳಿಯ ಇಬ್ಬನಿಬಿಂದು. ಆ ಉಷ್ಣತೆಗೆ ಕೋಷ್ಟಕದಲ್ಲಿ ಇರುವ ಆವಿಬಲವೇ ಗಾಳಿಯಲ್ಲಿರುವ ನೀರಿನ ಲೆಕ್ಕ. ಪ್ರತಿವರ್ಷ ಬೇಸಗೆಯಲ್ಲಿ ಸರೋವರ ಪ್ರಾಂತಕ್ಕೆ ಹೋಗಿ ಹೆಲ್ವೆಲಿನ್ ಪರ್ವತವನ್ನು ಏರುತ್ತಿದ್ದ ಡಾಲ್ಟನ್ನರು ಉಪಕರಣಗಳನ್ನೂ ಜತೆಗೆ ಹೊತ್ತು, ಎತ್ತರಕ್ಕೆ ಹೋದಂತೆ ಆರ್ದ್ರತೆಯು ಹೇಗೆ ಬದಲಾಗುತ್ತದೆಂಬುದನ್ನು ಬರೆದಿಟ್ಟರು.

ಇನ್ನೊಂದು ಪ್ರಶ್ನೆ ನದಿಗಳದು. ಬಿದ್ದ ಮಳೆಯಿಂದಲೇ ಬುಗ್ಗೆಗಳೂ ನದಿಗಳೂ ತುಂಬುವುವೇ, ಭೂಗರ್ಭದಲ್ಲಿ ಬೇರೆ ಮೂಲವುಂಟೇ ಎಂಬ ವಾದ ಆಗಿನ್ನೂ ಪೂರ್ತಿ ಆರಿರಲಿಲ್ಲ. 1799ರಲ್ಲಿ ಡಾಲ್ಟನ್ನರು ಇಂಗ್ಲೆಂಡ್ ಮತ್ತು ವೇಲ್ಸಿನ ಜಮಾಖರ್ಚನ್ನು ಬರೆದರು. ಜಮೆಯಲ್ಲಿ ಮಳೆ 31 ಅಂಗುಲ, ಇಬ್ಬನಿ 5 ಅಂಗುಲ; ಖರ್ಚಿನಲ್ಲಿ ನದಿಗಳು ಸಮುದ್ರಕ್ಕೆ ಒಯ್ಯುವುದು 13 ಅಂಗುಲ, ಉಳಿದುದು ಮತ್ತೆ ಆವಿ. ಮಣ್ಣು ತುಂಬಿದ ಪಾತ್ರೆಯನ್ನು ನೆಲದಲ್ಲಿ ಹೂಳಿ, ಅದರಿಂದ ಆರಿಹೋಗುವ ನೀರನ್ನು ವರ್ಷಗಟ್ಟಲೆ ಅಳೆದು ನೋಡಿದ ಮೇಲೆ, ಮಳೆಯೇ ನದಿಗಳಿಗೆ ಸಾಕೆಂದು ತೀರ್ಮಾನಿಸಿದರು. ಇಬ್ಬನಿಯ ಅಂಕಿ ಇಂದಿನ ದೃಷ್ಟಿಗೆ ಹೆಚ್ಚೇ ಆಯಿತು. ಆದರೆ ಲೆಕ್ಕ ಹಾಕಿದ ಕ್ರಮದಲ್ಲಿ ದೋಷವಿಲ್ಲ.

ಮಳೆಗೆ ಕಾರಣವೇನೆಂಬಲ್ಲಿ ಮಾತ್ರ ಅವರು ಸ್ಕಾಟ್ಲೆಂಡಿನ ಜೇಮ್ಸ್ ಹಟನ್ನರ ಮತವನ್ನೇ ಹಿಡಿದರು. ಆವಿಯಿಂದ ತುಂಬಿದ ಬಿಸಿಗಾಳಿಯೂ ತಣ್ಣಗಾಳಿಯೂ ಬೆರೆತರೆ ಹೆಚ್ಚುವರಿ ನೀರು ಹೊರಬೀಳುತ್ತದೆ ಎಂಬುದು ಆ ಮತ. ಇದರಲ್ಲಿ ಸತ್ಯಾಂಶವುಂಟು. ಒಂದು ಘನ ಮೀಟರ್ ಗಾಳಿಯ ಸ್ಥಳದಲ್ಲಿ ಸೆಲ್ಸಿಯಸ್ 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ, 20 ಡಿಗ್ರಿಯಲ್ಲಿ 17 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ ಆವಿ ನಿಲ್ಲಬಲ್ಲದು. 10 ಮತ್ತು 30 ಡಿಗ್ರಿಯ ಗಾಳಿಗಳು ಸಮನಾಗಿ ಬೆರೆತು 20ಕ್ಕೆ ಬಂದರೆ ಪಾಲಿಗೆ ಬರುವ ಆವಿ 19ಕ್ಕೂ ಮೇಲೆ, ನಿಲ್ಲುವುದು 17. ಆದರೆ ಆವಿಯು ಹನಿಯಾಗುವಾಗ ಬಿಡುವ ಶಾಖವು ಗಾಳಿಯನ್ನು ಮತ್ತೆ ಬೆಚ್ಚಗಾಗಿಸುವುದರಿಂದ ಉಳಿಯುವ ಫಲ ಅತ್ಯಲ್ಪ. ಮಂಜು ಕವಿದೀತು, ಜಡಿಮಳೆ ಸುರಿಯಲಾರದು.

ನಿಜವಾದ ಕಾರಣ ಗಾಳಿಯ ಆರೋಹಣ. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ. ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಅರಬ್ಬೀ ಸಮುದ್ರದ ಗಾಳಿಯು ಸಹ್ಯಾದ್ರಿಯನ್ನು ಏರುವಾಗ ಮಲೆನಾಡು ತೊಯ್ಯುವುದೂ ಇದರಿಂದಲೇ. ಸೋಜಿಗವೆಂದರೆ, ಗಾಳಿಯನ್ನು ಒತ್ತಿದರೆ ಬಿಸಿಯಾಗುವುದನ್ನೂ ಹಿಗ್ಗಿಸಿದರೆ ತಣ್ಣಗಾಗುವುದನ್ನೂ ಡಾಲ್ಟನ್ನರೇ 1800ರಲ್ಲಿ ಪ್ರಯೋಗದಿಂದ ತೋರಿಸಿದ್ದರು. ಬೀಗದ ಕೈ ಅವರ ಜೇಬಿನಲ್ಲಿಯೇ ಇತ್ತು. ಬಾಗಿಲನ್ನು ತೆರೆದವರು ಅಮೆರಿಕದ ಜೇಮ್ಸ್ ಎಸ್ಪಿ, 1830ರ ದಶಕದ ತರುವಾಯ. ಆವಿ ಹನಿಗಟ್ಟಲು ಧೂಳಿನ ಕಣದ ಆಶ್ರಯ ಬೇಕೆಂಬುದು ಡಾಲ್ಟನ್ನರ ಕಾಲ ಕಳೆದ ಮೇಲೆ, 1875ರಿಂದ 1880ರ ಸುಮಾರಿಗೆ ತಿಳಿದುಬಂದಿತು. ಮೋಡದ ಹತ್ತು ಲಕ್ಷದಷ್ಟು ಹನಿಗಳು ಕೂಡಿದರೆ ಒಂದು ಮಳೆಹನಿ.

1800ರಲ್ಲಿ ಕಾಲೇಜನ್ನು ಬಿಟ್ಟ ಮೇಲೆ ಅವರ ಜೀವನೋಪಾಯ ಮನೆಪಾಠ. ಅವರನ್ನು ಕಾಣಬಂದ ಫ್ರಾನ್ಸಿನ ರಸಾಯನವಿಜ್ಞಾನಿಯೊಬ್ಬರು, ಬಾಲಕನೊಬ್ಬನ ಲೆಕ್ಕವನ್ನು ತಿದ್ದಿ ಮುಗಿಸುವವರೆಗೆ ಕಾದು ಕುಳಿತಿರಬೇಕಾಯಿತೆಂದು ಪ್ರತೀತಿ. 1822ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1830ರಲ್ಲಿ ಫ್ರೆಂಚ್ ಅಕಾಡೆಮಿಯ ಗೌರವ, 1833ರಲ್ಲಿ ಸರಕಾರದ ವೇತನ ದೊರೆತವು. ವಿವಾಹವಾಗದೆ, ಸ್ನೇಹಿತರ ಮನೆಯಲ್ಲಿ ಬಹುಕಾಲ ವಾಸವಾಗಿದ್ದು, ಸರಳ ಜೀವನವನ್ನೇ ನಡೆಸಿದರು. ಕೆಂಪು, ಹಸಿರು ಬಣ್ಣಗಳ ಭೇದವು ಅವರ ಕಣ್ಣಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಆ ದೋಷವನ್ನು ಕುರಿತು 1794ರಲ್ಲಿ ತಾವೇ ಪ್ರಬಂಧ ಬರೆದರು. ಅವರು ಬಿಟ್ಟುಹೋದ ಕಣ್ಣಿನ ಅಂಶದಿಂದ 1995ರಲ್ಲಿ ಅದರ ಆನುವಂಶಿಕ ಕಾರಣವೂ ಗೊತ್ತಾಯಿತು.

1837ರಲ್ಲಿ ಪಾರ್ಶ್ವವಾಯು ಬಡಿದು ಮಾತು ತೊಡಕಾಯಿತು, ಕೈ ನಡುಗಿತು, ದಿನಚರಿ ನಿಲ್ಲಲಿಲ್ಲ. 1844ರ ಜುಲೈ 26ರ ರಾತ್ರಿ ಅಂದಿನ ಭಾರ, ಉಷ್ಣತೆಗಳನ್ನು ಬರೆದು, ಸ್ವಲ್ಪ ಮಳೆಯಾಯಿತೆಂದು ನಡುಗುವ ಅಕ್ಷರಗಳಲ್ಲಿ ಸೇರಿಸಿ ಮಲಗಿದರು. ಮರುದಿನ ಬೆಳಿಗ್ಗೆ ಅವರ ಜೀವ ಹೋಗಿತ್ತು. ಐವತ್ತೇಳು ವರ್ಷಗಳ ಅವಲೋಕನಗಳ ಸಂಖ್ಯೆ ಎರಡು ಲಕ್ಷವನ್ನು ಮೀರಿತ್ತು. ಮ್ಯಾಂಚೆಸ್ಟರ್ ನಗರದಲ್ಲಿ ಸುಮಾರು 40,000 ಜನ ಅವರ ಅಂತಿಮ ದರ್ಶನಕ್ಕೆ ಸಾಲುಗಟ್ಟಿ ನಿಂತರು. ಅವರ ಕೈಬರೆಹಗಳಲ್ಲಿ ಬಹುಭಾಗವು 1940ರ ಡಿಸೆಂಬರಿನಲ್ಲಿ ಆ ನಗರದ ಮೇಲೆ ಬಿದ್ದ ಬಾಂಬುಗಳಿಂದ ಸುಟ್ಟುಹೋಯಿತು; ಅಂಚು ಕರಿಯಾದ ಉಳಿಕೆಯ ಹಾಳೆಗಳನ್ನು ಅಲ್ಲಿಯ ಜಾನ್ ರೈಲೆಂಡ್ಸ್ ಗ್ರಂಥಾಲಯದಲ್ಲಿ ಕಾಪಾಡಿದ್ದಾರೆ.