ಜರೀಗಿಡದ ಅಚ್ಚು ಓದಿದ ಮೇರಿ ಸ್ಟೋಪ್ಸ್

ಸಂತಾನ ನಿಯಂತ್ರಣದ ಪ್ರತಿಪಾದಕಿಯೆಂದೇ ಜಗತ್ತು ನೆನೆಯುವ ಮೇರಿ ಸ್ಟೋಪ್ಸ್ (1880–1958) ಮೂಲತಃ ಸಸ್ಯ ಪಳೆಯುಳಿಕೆಗಳ ವಿಜ್ಞಾನಿ. 1904ರಲ್ಲಿ ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಪಡೆದವರು.

ಕೆನಡಾದ ಸೇಂಟ್ ಜಾನ್ ನಗರದ 'ಫರ್ನ್ ಲೆಡ್ಜಸ್' ಬಂಡೆಗಳು ಆಗ ವಿವಾದದ ವಸ್ತು. ಹಿರಿಯ ಭೂವಿಜ್ಞಾನಿ ವಿಲಿಯಂ ಡಾಸನ್ ಅವನ್ನು ಡಿವೋನಿಯನ್ ಯುಗದ್ದೆಂದು ಸಾರಿದ್ದರು. ಅದು ನಿಜವಾದರೆ ಯೂರೋಪಿನ ಕಲ್ಲಿದ್ದಲು ಕಾಲದ ಸಸ್ಯಗಳು ಅಲ್ಲಿ ಕೋಟ್ಯಂತರ ವರ್ಷ ಮೊದಲೇ ಬೆಳೆದಿದ್ದವೆಂದಾಗುತ್ತಿತ್ತು. ಕೆನಡಾದ ಭೂಸರ್ವೇಕ್ಷಣಾ ಸಂಸ್ಥೆ ಪರಿಶೀಲನೆಯ ಹೊಣೆಯನ್ನು ಸ್ಟೋಪ್ಸ್ ಅವರಿಗೆ ವಹಿಸಿತು.

ಕಲ್ಲಿನಲ್ಲಿ ಉಳಿದಿದ್ದುದು ಎಲೆಗಳ ತೆಳುವಾದ ಅಚ್ಚು. ಕಿರುಎಲೆಯ ಆಕಾರ, ಅದು ದಂಟಿಗೆ ಅಂಟಿದ ಬಗೆ, ನರಗಳ ಕವಲು, ಇವಿಷ್ಟೇ ಆಧಾರ. ಜರೀಗಿಡದಂತೆ ಕಂಡ ಕೆಲವು, ವಾಸ್ತವದಲ್ಲಿ ಬೀಜ ಬಿಡುವ ಬೇರೆಯೇ ವಂಶದವು! ಒಂದೇ ಸಸ್ಯಕ್ಕೆ ಅಂಟಿದ್ದ ಹಲವು ಹೆಸರುಗಳನ್ನು ಸ್ಟೋಪ್ಸ್ ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಿದರು. 1914ರ ಗ್ರಂಥದಲ್ಲಿ ಬಂಡೆಗಳು ಕಾರ್ಬಾನಿಫೆರಸ್ ಯುಗದವೆಂದು ತೀರ್ಮಾನಿಸಿದರು. ಈ ತೀರ್ಪು ಕೇಳಲು ಡಾಸನ್ ಇರಲಿಲ್ಲ, 1899ರಲ್ಲೇ ನಿಧನರಾಗಿದ್ದರು.